ಅಕ್ಕನ ಕಣ್ಣಿಗೆ ಡ್ರಾಪ್ಸ್ ಹಾಕಿದ ದಿನ

ಅವತ್ತು ನನ್ನ ಕೆಲಸ ಅಕ್ಕನ ಪಕ್ಕದಲ್ಲಿ ಕೂತಿರುವುದು, ಅಷ್ಟೇ. ಕಲ್ಲು ಹೊರಬೇಕಾಗಿರಲಿಲ್ಲ, ಬಾವಿಗೆ ಇಳಿಯಬೇಕಾಗಿರಲಿಲ್ಲ. ಕೋಲಾರದ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದು, ಪರೀಕ್ಷೆ ಮುಗಿದ ಮೇಲೆ ಅವಳ ಕೈ ಹಿಡಿದು ಊರಿಗೆ ಕರೆದುಕೊಂಡು ಬಂದಿದ್ದರೆ ಸಾಕಿತ್ತು. ಅಷ್ಟನ್ನೂ ನಾನು ಮಾಡಲಿಲ್ಲ. ಮಾಡಲಿಲ್ಲವೆಂದು ಯಾರಿಗೂ ಹೇಳಲೂ ಇಲ್ಲ. ತಪ್ಪನ್ನು ಅವಳ ತಲೆಗೇ ಕಟ್ಟಿ, ಅದನ್ನೊಂದು ನಗೆಯ ಕಥೆ ಮಾಡಿ, ವರ್ಷಗಟ್ಟಲೆ ಊರಿಗೆಲ್ಲ ಹೇಳಿಕೊಂಡು ಬಂದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವ ಅಭ್ಯಾಸ ಕಡಿಮೆ. ಆದರೆ ಕಥೆ ಹೇಳುವುದರಲ್ಲಿ ನಮ್ಮ ಊರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಹೆಸರಿದೆ. ಆ ಹೆಸರು ಬಂದದ್ದೇ ಈ ಕಥೆಯಿಂದ. ಅದಕ್ಕೇ ಅದನ್ನು ಬಿಡಲು ಇಷ್ಟು ದಿನ ಬೇಕಾಯಿತೇನೋ.

ನಮ್ಮದು ಮುಳಬಾಗಿಲು ಕಡೆಯ ತಾಯಲೂರಿನಿಂದ ಸ್ವಲ್ಪ ಒಳಗಿರುವ ಊರು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮನ ತಮ್ಮನಿಗೇ, ಅಂದರೆ ನಮ್ಮ ಸೋದರಮಾವನಿಗೇ ಅವಳನ್ನು ಕೊಟ್ಟಿದ್ದರಿಂದ ಮದುವೆಯಾಗಿ ಅವಳು ಹೋದದ್ದು ಎದುರು ಮನೆಗೆ. ಕಳಿಸಿಕೊಡುವಾಗ ಎಲ್ಲರೂ ಅತ್ತರಂತೆ. ಅರ್ಧ ಗಂಟೆಗೆಲ್ಲ ಅವಳು ವಾಪಸು ಬಂದು, "ಒಲೆ ಮೇಲೆ ಹಾಲಿಟ್ಟಿದ್ದೆ, ಯಾರಾದ್ರೂ ನೋಡಿದ್ರಾ ಇಲ್ವಾ?" ಎಂದು ಕೇಳಿದಳಂತೆ.

ಕಣ್ಣಿನೊಳಗೆ ಏನು ನಡೆಯುತ್ತದೆ ಎಂದು ನನಗೆ ಮೊದಲು ತೋರಿಸಿದವಳು ಅವಳೇ. ನಾನಿನ್ನೂ ಸಣ್ಣವನು. ಕೈಗನ್ನಡಿ ಕೊಟ್ಟು ನಡುಮನೆಯ ಕತ್ತಲಲ್ಲಿ ನಿಲ್ಲಿಸಿ, ಹಾಗೇ ಭುಜ ಹಿಡಿದು ಬಾಗಿಲ ಬಿಸಿಲಿಗೆ ತಳ್ಳಿದಳು.

"ಕಣ್ ಮುಚ್ಬೇಡ ಕಣೋ. ನೋಡು, ಆ ಕರೀ ಚುಕ್ಕೆ ಏನಾಗ್ತೈತೆ ನೋಡು."

ಹುರುಳಿಕಾಳಿನಷ್ಟು ದಪ್ಪವಿದ್ದ ಪಾಪೆ ನೋಡುತ್ತಿದ್ದಂತೆ ರಾಗಿಕಾಳಿನಷ್ಟಾಯಿತು. ಒಳಗೆ ಹೋದರೆ ಮತ್ತೆ ದಪ್ಪ, ಹೊರಗೆ ಬಂದರೆ ಮತ್ತೆ ಸಣ್ಣ.

"ಯಾಕಕ್ಕಾ ಹಂಗಾಗ್ತೈತೆ?"

"ಒಳಗೆ ಒಂದು ಪಾಪು ಐತೆ. ಬಿಸಿಲು ಬಂದ್ರೆ ಬಾಗಿಲು ಹಾಕ್ಕೊಳ್ತೈತೆ. ನಿನ್ನಂಗಲ್ಲ, ಅದಕ್ಕೆ ಹೇಳೋರು ಬೇಕಾಗಿಲ್ಲ."

ಅವತ್ತಿಡೀ ನಾನು ಒಳಗೂ ಹೊರಗೂ ಓಡಾಡಿ, ಸಂಜೆಗೆ ತಲೆ ತಿರುಗಿ ವಾಂತಿ ಮಾಡಿಕೊಂಡೆ. ಅಮ್ಮ ಬೈದದ್ದು ಅಕ್ಕನಿಗೆ.

ಎದುರು ಮನೆಗೆ ಹೋದ ಮೇಲೆ ಅಕ್ಕ ರೇಷ್ಮೆ ಹುಳು ಸಾಕಲು ಶುರುಮಾಡಿದಳು. ಹುಳುಮನೆಯಲ್ಲಿ ಬೆಳಕು ಕಡಿಮೆ, ಕಿಟಕಿಗಳಿಗೆಲ್ಲ ಗೋಣಿಪಟ್ಟೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಸುಡುಬಿಸಿಲಿನಿಂದ ಅದರೊಳಗೆ ಕಾಲಿಟ್ಟರೆ ಏನೂ ಕಾಣುವುದಿಲ್ಲ. ತಟ್ಟೆಯಿಂದ ಜಾರಿ ಬಿದ್ದ ಹುಳು ನೆಲದಲ್ಲಿರುತ್ತವೆ, ತುಳಿದರೆ ಪಚಕ್ ಎನ್ನುತ್ತವೆ. ಅದಕ್ಕೆ ಅಕ್ಕನ ಹುಳುಮನೆಗೊಂದು ಕಾನೂನಿತ್ತು. ಯಾರೇ ಆಗಲಿ, ಹೊಸ್ತಿಲ ಒಳಗೆ ಬಂದು ನಿಂತು, ಕಣ್ಣು ತಿಳಿಯಾಗುವ ತನಕ ಹೆಜ್ಜೆ ಎತ್ತಬಾರದು. ಒಮ್ಮೆ ರೇಷ್ಮೆ ಇಲಾಖೆಯ ಸಾಹೇಬರು ಬಂದಾಗಲೂ ಅವರ ತೋಳಿಗೆ ಕೈ ಅಡ್ಡ ಹಿಡಿದು, "ನಿಲ್ಲಿ ಸಾರ್, ನಿಮ್ಮ ಕಣ್ಣು ಇನ್ನೂ ಹೊರಗೇ ಐತೆ, ಅದೂ ಬರ್ಲಿ," ಎಂದಿದ್ದಳು.

ಹುಳು ಗೂಡು ಕಟ್ಟಿದ ಮೇಲೆ ಆ ಗೂಡನ್ನು ಕೋಲಾರದ ಮಾರ್ಕೆಟ್ಟಿಗೆ ತೆಗೆದುಕೊಂಡು ಹೋಗುತ್ತಿದ್ದದ್ದೂ ಅಕ್ಕನೇ. ಗಂಡಸರೇ ತುಂಬಿರುವ ಆ ಜಾಗದಲ್ಲಿ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಗೂಡಿನ ರಾಶಿಯ ಪಕ್ಕ ನಿಲ್ಲುವುದನ್ನು ನೋಡಬೇಕಿತ್ತು. ನೂಲು ತೆಗೆಯುವವರು ಬಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಮುಖ ಸಿಂಡರಿಸಿದರೆ, "ಯಾಕೆ ಸಾಬ್, ಒಳಗಿರೋದು ಬೈತಾ ನಿಮಗೆ?" ಎನ್ನುತ್ತಿದ್ದಳು. ಮಾರ್ಕೆಟ್ಟಿನ ಹಿಂದಿನ ದಿನ ತಲೆಗೆ ಸ್ನಾನ, ಪೆಟ್ಟಿಗೆಯಲ್ಲಿಟ್ಟ ಸೀರೆ. ನಮ್ಮ ಮಾವ, "ಗೂಡು ಮಾರಾಕೆ ಹೋಗ್ತಿದ್ದೀಯೋ, ಮದ್ವೆಗೋ?" ಎಂದು ರೇಗಿಸುತ್ತಿದ್ದರು. ಮದುವೆಗೆ ಹೋಗುವಾಗ ಅವಳು ಅಷ್ಟು ಖುಷಿಯಾಗಿರುತ್ತಿರಲಿಲ್ಲ ಎನ್ನುವುದು ಮಾವನಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಬೆಳೆಯಲ್ಲಿ ಎಡವಟ್ಟಾಯಿತು. ಹಣ್ಣಾದ ಹುಳುವನ್ನು, ಅಂದರೆ ಗೂಡು ಕಟ್ಟಲು ತಯಾರಾಗಿ ಮೈ ತಿಳಿಯಾದ ಹುಳುವನ್ನು, ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ಅಕ್ಕ ಕಾಯಿ ಹುಳುಗಳನ್ನೂ ಬೆರೆಸಿ ಬಿಟ್ಟಿದ್ದಳು. ಹತ್ತಿರದ್ದು ಮಂಜುಮಂಜು ಎಂದಳು. ಸರಿ, ಕಣ್ಣು ತೋರಿಸಬೇಕೆಂದಾಯಿತು. ಮಾವ ಟೊಮೇಟೊ ಲೋಡಿನ ಜೊತೆ ಹೋಗಬೇಕಿತ್ತು. ಹಾಗಾಗಿ ಜೊತೆಗೆ ಹೊರಟವನು ನಾನು.

ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿಯೊಬ್ಬಳು ಮೊದಲು ಟಾರ್ಚ್ ಬಿಟ್ಟು ನೋಡಿದಳು. ನಾನು ಬಗ್ಗಿ ಬಗ್ಗಿ ನೋಡುತ್ತಿದ್ದದ್ದನ್ನು ಕಂಡು, "ಇಲ್ಲಿ ಬನ್ನಿ, ನೋಡಿ. ಬಲಗಣ್ಣಿಗೆ ಬೆಳಕು ಬಿಡ್ತೀನಿ, ನೀವು ಎಡಗಣ್ಣು ನೋಡಿ," ಎಂದಳು. ಬೆಳಕು ಬಿದ್ದದ್ದು ಒಂದಕ್ಕೆ, ಕುಗ್ಗಿದ್ದು ಎರಡೂ.

"ಇದೇನ್ರೀ, ಅದಕ್ಕೆ ಬೆಳಕೇ ಬಿದ್ದಿಲ್ಲ!"

"ಎರಡಕ್ಕೂ ಒಳಗೆ ಕನೆಕ್ಷನ್ ಇರುತ್ತೆ. ಒಂದಕ್ಕೆ ಕಷ್ಟ ಆದ್ರೆ ಇನ್ನೊಂದಕ್ಕೂ ಗೊತ್ತಾಗುತ್ತೆ."

ಅಕ್ಕ ಟಾರ್ಚಿನ ಬೆಳಕಿನಲ್ಲೇ ಹೇಳಿದಳು: "ಒಂದೇ ಹೊಟ್ಟೇಲಿ ಹುಟ್ಟಿದವಕ್ಕೇ ಹಂಗಿರಲ್ಲ ಬಿಡಮ್ಮ."

ಆಮೇಲೆ ಡ್ರಾಪ್ಸ್ ಹಾಕಿದರು. ಪಾಪೆ ಎಂದರೆ ಏನೋ ಒಂದು ವಸ್ತು ಅಲ್ಲವಂತೆ, ಬರೀ ತೂತಂತೆ. ಬೆಳಕಿಗೆ ತಕ್ಕಂತೆ ಅದನ್ನು ಹಿಗ್ಗಿಸಿ ಕುಗ್ಗಿಸುವುದು ಸುತ್ತಲಿನ ಕಂದು ಬಳೆ. ಒಳಗಿನದನ್ನು ಡಾಕ್ಟರು ನೋಡಬೇಕೆಂದರೆ ತೂತು ಅಗಲವಾಗಿಯೇ ಇರಬೇಕು, ಅದಕ್ಕೆ ಈ ಡ್ರಾಪ್ಸ್. ಹಾಕಿದ ಮೇಲೆ ಸಂಜೆಯವರೆಗೂ ಎಷ್ಟು ಬೆಳಕು ಬಿದ್ದರೂ ಅದು ಕುಗ್ಗುವುದಿಲ್ಲ, ಹತ್ತಿರದ್ದು ಕಾಣುವುದಿಲ್ಲ. ಹುಡುಗಿ ನನ್ನ ಕಡೆ ಬೆರಳು ತೋರಿಸಿ ಹೇಳಿದಳು: "ಇವರನ್ನ ಒಬ್ಬರನ್ನೇ ಬಿಡಬೇಡಿ. ಬಿಸಿಲಿಗೆ ಹೋದ್ರೆ ತಡ್ಕೊಳ್ಳೋಕಾಗಲ್ಲ."

ತಲೆಯಾಡಿಸಿದೆ. ತಲೆಯಾಡಿಸುತ್ತಾ ಕಿಟಕಿಯಾಚೆ ನೋಡಿದೆ. ಎದುರು ಸಾಲಿನಲ್ಲಿ ಹೊಸದಾಗಿ ಒಂದು ಸಲೂನ್ ತೆರೆದಿತ್ತು. ಗಾಜಿನ ಬಾಗಿಲು, ಒಳಗೆ ಏಸಿ.

ಇನ್ನು ಮರೆಮಾಚಿ ಏನು ಪ್ರಯೋಜನ? ಆ ವಾರದ ಕೊನೆಗೆ ನಾನು ಹೆಣ್ಣು ನೋಡಲು ಶ್ರೀನಿವಾಸಪುರದ ಕಡೆಯ ಒಂದು ಊರಿಗೆ ಹೋಗಬೇಕಿತ್ತು. ಮಾವಿನ ತೋಟದವರು. ಹುಡುಗಿ ಬೆಳ್ಳಗಿದ್ದಾಳೆ ಎಂದು ಮಧ್ಯಸ್ಥಿಕೆಯವರು ಹೇಳಿದ್ದರು. ನನ್ನ ಮುಖವೋ, ವರ್ಷವಿಡೀ ತೋಟದ ಬಿಸಿಲಿನಲ್ಲಿ ಬೆಂದದ್ದು. ಗಾಜಿನ ಮೇಲೆ ಫೇಶಿಯಲ್ ಎಂದು ಬರೆದಿತ್ತು.

"ಅಕ್ಕಾ, ಇಲ್ಲೇ ಕೂತಿರು, ಐದು ನಿಮಿಷಕ್ಕೆ ಬಂದೆ," ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ, "ಬೇಗ ಬಾರೋ, ಸಂಜೆ ಹುಳಕ್ಕೆ ಸೊಪ್ಪು ಹಾಕ್ಬೇಕು," ಎಂದಳು.

ಫೇಶಿಯಲ್ ಎಂದರೆ ಐದು ನಿಮಿಷದ್ದಲ್ಲ ಎಂದು ನನಗೇನು ಗೊತ್ತು? ಒಂದು ಬಳಿದರು, ತಿಕ್ಕಿದರು, ಒರೆಸಿದರು, ಇನ್ನೊಂದು ಬಳಿದರು. ಮದುವೆಗೆ ಗೋಡೆಗೆ ಸುಣ್ಣ ಹೊಡೆಯುವಾಗಲೂ ನಾವು ಅಷ್ಟು ಕೋಟು ಹೊಡೆಯುವುದಿಲ್ಲ. ಕೊನೆಗೆ ಮುಖಕ್ಕೆಲ್ಲ ಹಸಿಮಣ್ಣಿನಂಥದ್ದು ಮೆತ್ತಿ, ಎರಡು ಕಣ್ಣಿನ ಮೇಲೂ ಒದ್ದೆ ಹತ್ತಿ ಇಟ್ಟು, ಅಲ್ಲಾಡಬಾರದು ಎಂದರು. ಏಸಿಯ ತಂಪು. ಆ ತಂಪಿಗೆ ನಾನು ನಿದ್ದೆ ಹೋದೆ. ರಸ್ತೆಯ ಆಚೆ ಅಕ್ಕ ಮುಚ್ಚಲಾರದ ಪಾಪೆಗಳನ್ನು ಇಟ್ಟುಕೊಂಡು ಕೂತಿದ್ದಳು. ಈಚೆ ನಾನು ಕಣ್ಣಿಗೆ ಹತ್ತಿ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದೆ.

ಎದ್ದು ಓಡಿ ಬಂದಾಗ ಬೆಂಚು ಖಾಲಿ. ಕಸ ಗುಡಿಸುವ ಆಯಮ್ಮ ನನ್ನನ್ನು ನೋಡಿ, "ನೀನೇನಾ ಆ ತಮ್ಮ? ಡಾಕ್ಟರು ನೋಡಿ ಕಳಿಸಿದ ಮೇಲೂ ಎಷ್ಟು ಹೊತ್ತು ಕಾದ್ಳಪ್ಪ. ಹೋಗೋರನ್ನ ಬರೋರನ್ನೆಲ್ಲ, ನಮ್ಮ ತಮ್ಮ ಅಲ್ಲೆಲ್ಲಾದ್ರೂ ಅವ್ನಾ ನೋಡಿ ಅಂತ ಕೇಳ್ತಿದ್ಳು. ಹುಳಕ್ಕೆ ಹೊತ್ತಾಯ್ತು ಅಂತ ಯಾರದೋ ಕೈ ಹಿಡ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದ್ಳು," ಎಂದಳು. ಆಗ ಅಕ್ಕನ ಹತ್ತಿರ ಫೋನ್ ಇರಲಿಲ್ಲ. ಬಸ್ ಸ್ಟ್ಯಾಂಡಿಗೆ ಓಡಿದೆ, ಅಲ್ಲಿರಲಿಲ್ಲ. ಸಿಕ್ಕಿದ ಬಸ್ಸು ಹತ್ತಿ ಊರಿಗೆ ಬಂದೆ, ಅಲ್ಲೂ ಇರಲಿಲ್ಲ.

ಮಾವ ಲೋಡು ಮುಗಿಸಿ ಜಗಲಿಯ ಮೇಲೆ ಕೂತಿದ್ದರು, ಜೊತೆಗೆ ಅಕ್ಕಪಕ್ಕದವರು. "ಎಲ್ಲೋ ನಿಮ್ಮಕ್ಕ?" ಎಂದರು.

ಆ ಕ್ಷಣಕ್ಕೆ ನಿಜ ಹೇಳಿದ್ದರೆ ನಾಲ್ಕು ಬೈಗುಳ, ಎರಡು ಏಟು. ಆದರೆ ಫೇಶಿಯಲ್ ಎಂಬ ಮಾತು ಆ ಜಗಲಿಯ ಮೇಲೆ ನನ್ನ ಬಾಯಿಂದ ಬರುವುದು ಹೇಗೆ? "ಔಷಧಿ ತರಾಕೆ ಹೋಗಿದ್ದೆ ಮಾವ. ಎರಡೇ ನಿಮಿಷ. ಕೂತ್ಕೋ ಅಂತ ಹೇಳ್ದೆ. ಕೇಳ್ಬೇಕಲ್ಲ? ಎದ್ದು ಹೋಗ್ಬಿಟ್ಳು. ಬಿಸಿಲಲ್ಲಿ ಕೋಲಾರ ಪೂರ್ತಿ ಹುಡುಕ್ದೆ," ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಿಜ ಅನ್ನಿಸಿತು.

ಹೊತ್ತು ಮುಳುಗುವಾಗ ಅಕ್ಕ ಬಂದಳು. ಸೆರಗು ತಲೆಯ ಮೇಲಿಂದ ಮೂಗಿನ ತನಕ. ಆದದ್ದು ಇಷ್ಟು. ಕಣ್ಣಿಗೆ ಬಿಸಿಲು ಚುಚ್ಚುತ್ತದೆಂದು ಬಸ್ಸಿನಲ್ಲಿ ಅವಳು ಮುಖ ಮುಚ್ಚಿ ಕೂತಿದ್ದಳು. ಮುಳಬಾಗಿಲು ಬಂದರೆ ಬಸ್ ಸ್ಟ್ಯಾಂಡಿನ ಗದ್ದಲದಿಂದಲೇ ಗೊತ್ತಾಗುತ್ತದೆ, ಇಳಿಯೋಣ ಎಂದುಕೊಂಡಿದ್ದಳು. ಆದರೆ ಅದು ಆಂಧ್ರದ ಕಡೆ ಹೋಗುವ ಬಸ್ಸು, ಊರೊಳಗೆ ಹೋಗಲೇ ಇಲ್ಲ. ಬೈಪಾಸಿನಲ್ಲಿ ಒಂದು ಗಳಿಗೆ ನಿಂತು ಹೊರಟಿತು. ಅಕ್ಕ ಗದ್ದಲ ಬರಲೆಂದು ಕಾಯುತ್ತಾ ಕಾಯುತ್ತಾ ಆಂಧ್ರದ ಗಡಿಯ ಹತ್ತಿರದ ನಂಗಲಿ ತಲುಪಿದಳು.

"ಅಲ್ಲಿ ಲಾರಿ ಗಾಜಿನ ಹೊಳಪು ಒಂದೊಂದೂ ಕಣ್ಣಿಗೆ ಸೂಜಿ ಹಾಕ್ದಂಗೆ ಹೊಡೀತಿತ್ತು," ಎಂದಳು. "ಟೀ ಅಂಗಡಿ ಆಯಮ್ಮ ಒಬ್ಳು, 'ಏಮ್ಮಾ, ಎಕ್ಕಡಿಕಿ ಪೋವಾಲ?' ಅಂದ್ಳು, ಎಲ್ಲಿಗೆ ಹೋಗ್ಬೇಕು ಅಂತ. ಇಲ್ಲಿಗಂತೂ ಅಲ್ಲ ತಾಯಿ ಅಂದೆ. ಒಳಗೆ ಕರ್ಕೊಂಡೋಗಿ ಒದ್ದೆ ಬಟ್ಟೆ ಕಟ್ಟಿ ಕೂರ್ಸಿ, ವಾಪಸ್ ಬಸ್ ಹತ್ತಿಸಿದ್ಳು."

ಜಗಲಿಯ ಮೇಲೆ ಎಲ್ಲರೂ ನಕ್ಕರು. ಬಂದಳಲ್ಲ ಎಂಬ ನಿರಾಳಕ್ಕೆ ನಕ್ಕದ್ದು. ನಾನೂ ನಕ್ಕೆ. "ಕೂತ್ಕೋ ಅಂದ್ರೆ ಕೇಳಲ್ಲ ನೀನು," ಎಂದು ಜೋರು ಬೇರೆ ಮಾಡಿದೆ. ಅಕ್ಕ ಸೆರಗು ಸರಿಸಿ ನನ್ನ ಕಡೆ ನೋಡಿದಳು. ಕಣ್ಣಲ್ಲಿ ಕಂದು ಬಣ್ಣವೇ ಇರಲಿಲ್ಲ, ಬರೀ ಕಪ್ಪು. ಎದ್ದು ಹುಳುಮನೆಗೆ ಹೋದಳು.

ಮಾರನೆಯ ದಿನ ದೇವರು ನನ್ನ ಮುಖಕ್ಕೆ ಸರಿಯಾಗಿ ಮಾಡಿದ. ಆ ಹಚ್ಚಿದ್ದೆಲ್ಲ ಒಗ್ಗದೆ ಕೆನ್ನೆ ತುಂಬಾ ಕೆಂಪು ಗುಳ್ಳೆ. ವಾರದ ಕೊನೆಗೆ ಹೆಣ್ಣು ನೋಡಲು ಹೋದಾಗಲೂ ಅವು ಇಳಿದಿರಲಿಲ್ಲ; ಹೆಣ್ಣಿನ ಮನೆಯವರು ಅಮ್ಮ, ಅಂದರೆ ಸಿಡುಬು, ಎದ್ದಿದೆಯೇನೋ ಎಂದು ಹಿಂದೆ ಸರಿದು ಕೂತರು. ಆಗ ಮಾವನೇ ಅಭಿಮಾನದಿಂದ ಹೇಳಿದರು: "ಅಕ್ಕನ್ನ ಹುಡುಕ್ಕೊಂಡು ಬಿಸಿಲಲ್ಲಿ ಅಲೆದ್ನಲ್ಲ, ಅದ್ರಿಂದ ಹಿಂಗಾಯ್ತು." ಹುಡುಗಿಯ ತಂದೆಗೆ ಕಣ್ಣು ತುಂಬಿ ಬಂತು. ಅಕ್ಕನಿಗೇ ಇಷ್ಟು ಮಾಡುವವನು ಹೆಂಡತಿಗೆ ಎಷ್ಟು ಮಾಡಬಹುದು ಎಂದು ಲೆಕ್ಕ ಹಾಕಿ ಹೆಣ್ಣು ಕೊಟ್ಟರು. ಅವಳೇ ಈಗಿನ ನನ್ನ ಹೆಂಡತಿ.

ನನಗೆ ಹೆಂಡತಿ ಬಂದಳು, ಅಕ್ಕನಿಗೆ ಕನ್ನಡಕ ಬಂತು. ಅಕ್ಕನ ಮಾರ್ಕೆಟ್ಟು ಹೋಯಿತು. ಮುಂದಿನ ಬೆಳೆಯ ಗೂಡು ಬಿಡಿಸಿದಾಗ ಮಾವ, "ನೀನು ಬೇಡಮ್ಮ. ಈ ಸಲ ನಂಗಲಿಗೆ ಹೋದೆ, ಮುಂದಿನ ಸಲ ತಿರುಪತಿಗೇ ಹೋಗಿ ಗುಂಡು ಹೊಡಿಸ್ಕೊಂಡು ಬಂದ್ರೆ? ತಮ್ಮ ಹೋಗ್ಲಿ," ಎಂದರು. ಎಲ್ಲರಿಗೂ ನಗು. ಕನ್ನಡಕ ಹಾಕಿದ ಅಕ್ಕನಿಗೆ ಈಗ ಅಂಗೈ ಮೇಲಿನ ಇರುವೆಯ ಕಾಲೂ ಕಾಣುತ್ತಿತ್ತು. "ನಂಗೆ ಈಗ ಚೆನ್ನಾಗಿ ಕಾಣ್ತೈತಲ್ಲ," ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ, ಗೂಡಿನ ಚೀಲ ಎತ್ತಿಕೊಂಡು ಹೊರಟೆ.

ಅಲ್ಲಿಂದ ಇಲ್ಲಿಯವರೆಗೆ ಗೂಡು ಮಾರಿದ್ದೆಲ್ಲ ನಾನೇ. ವಾಪಸು ಬಂದಾಗ ಅವಳು ಕೇಳುತ್ತಾಳೆ: ಯಾರು ತಗೊಂಡರು, ಮಾಲೂರಿನವರು ಬಂದಿದ್ದರಾ, ಬೇರೆಯವರ ಗೂಡು ಹೇಗಿತ್ತು, ಬಾಗಿಲ ಹತ್ತಿರ ಕಡಲೆಕಾಯಿ ಮಾರುವ ಅಜ್ಜಿ ಇದ್ದಾಳಾ. ನಾನು "ಹೂಂ," "ಹೂಂ" ಎನ್ನುತ್ತೇನೆ. ಯಾವುದಾದರೂ ಮದುವೆಯಲ್ಲೋ ತಿಥಿಯಲ್ಲೋ ನಾಲ್ಕು ಜನ ಸೇರಿದರೆ, "ಹೇಳೋ ನಿಮ್ಮಕ್ಕನ ನಂಗಲಿ ಯಾತ್ರೆ," ಎನ್ನುತ್ತಾರೆ. ನಾನು ಎದ್ದು ನಿಂತು ಸೆರಗಿನ ಬದಲು ಟವೆಲ್ಲು ಮುಖಕ್ಕೆ ಎಳೆದುಕೊಂಡು ಆಕ್ಟಿಂಗ್ ಮಾಡಿ ಹೇಳುತ್ತೇನೆ. ಅಕ್ಕನೂ ನಗುತ್ತಾಳೆ, ಬೇರೆ ಕಡೆ ನೋಡಿಕೊಂಡು.

ಈ ವರ್ಷ ನನಗೆ ಶುಗರ್ ಬಂತು. ಕಣ್ಣಿನ ಒಳಭಾಗ ನೋಡಿಸಬೇಕು ಎಂದರು ಡಾಕ್ಟರು. ಹೆಂಡತಿ ತೌರಿನಲ್ಲಿದ್ದಳು, ಸಂಜೆಗೆ ಬರುವವಳಿದ್ದಳು. ಅಕ್ಕ ಚಪ್ಪಲಿ ಮೆಟ್ಟಿ ಹೊರಟು ನಿಂತಳು. ಮಾವ, "ಯಾರು ಯಾರನ್ನ ಕರ್ಕೊಂಡು ಬರ್ತೀರೋ ನೋಡೋಣ," ಎಂದರು.

ಅದೇ ಆಸ್ಪತ್ರೆ, ಬಣ್ಣ ಮಾತ್ರ ಬೇರೆ. ಡ್ರಾಪ್ಸ್ ಬಿದ್ದು ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಚೀಟಿಯ ಅಕ್ಷರ ಕರಗಿ ಹೋದವು. ಡಾಕ್ಟರು ನೋಡಿ ಕಳಿಸಿದ ಮೇಲೆ ಬಾಗಿಲಿನ ಹತ್ತಿರ ಬಂದೆ. ಹೊರಗಿನ ಬಿಸಿಲು ಮುಖಕ್ಕೆ ಸುಣ್ಣದ ನೀರು ಎರಚಿದ ಹಾಗೆ ಹೊಡೆಯಿತು. ರೆಪ್ಪೆ ಮುಚ್ಚಿದರೂ ಒಳಗೆಲ್ಲ ಬಿಳಿ. ಅಷ್ಟು ವರ್ಷ ಯಾರೂ ಹೇಳದೆ ಕೆಲಸ ಮಾಡಿದ ಪಾಪೆ ಅವತ್ತು ಕೈಬಿಟ್ಟಿತ್ತು. ಹಿಂದಕ್ಕೆ ಸರಿದು ಗೋಡೆ ತಡವಿದೆ. ಅಕ್ಕ ಇರಲಿಲ್ಲ.

"ಅಕ್ಕಾ," ಎಂದೆ. "ಅಕ್ಕಾ! ಅಕ್ಕಾ!" ನಲವತ್ತು ದಾಟಿದ ಮೀಸೆಯ ಗಂಡಸು ಆಸ್ಪತ್ರೆ ನಡುಗುವ ಹಾಗೆ ಕೂಗಿದ್ದೇನೆ.

"ಅಯ್ಯೋ, ಇಲ್ಲೇ ಇದೀನಲ್ಲೋ! ನೀರು ಹಿಡ್ಕೊಂಡು ಬರಾಕೆ ಹೋಗಿದ್ದೆ. ಯಾಕ್ಲಾ ಹಿಂಗೆ ಕರು ಒದರ್ದಂಗೆ ಒದರ್ತೀಯ?" ಅವಳ ಒರಟು ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿ, ನನ್ನ ತಲೆಯ ಮೇಲೆ ತನ್ನ ಸೆರಗು ಎಳೆದಳು.

ಸೆರಗಿನ ಒಳಗೆ ಕೂತೇ ಹೇಳಿದೆ. ಸಲೂನ್, ಹತ್ತಿ, ಗೊರಕೆ, ಎಲ್ಲ. ಹೇಳುತ್ತಾ ಹೋದಂತೆ ಬೆಂಚು ಅಲ್ಲಾಡತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಫೇಶಿಯಲ್ಲಾ? ಈ ಮುಖಕ್ಕಾ? ಅವತ್ತು ಜಗಲೀಲಿ ನಿನ್ ಮುಖ ತುಪ್ಪ ಹಚ್ಚಿದ್ ಒಬ್ಬಟ್ಟಿನಂಗೆ ಹೊಳೀತಿತ್ತು ಕಣೋ. ಡ್ರಾಪ್ಸ್ ಹಾಕಿದ್ ಕಣ್ಣಿಗೆ ಎಲ್ಲಾ ಹೊಳೀತಾವೆ, ಅದಕ್ಕೇ ಹಂಗೆ ಅಂದ್ಕೊಂಡಿದ್ದೆ."

"ಕಾದಿದ್ದೆ ಅಂತ ನೀನ್ಯಾಕೆ ಹೇಳ್ಲಿಲ್ಲ ಅವತ್ತು?"

"ಹೆಣ್ಣು ನೋಡಾಕೆ ಹೋಗೋನ ಮಾನ ಯಾಕೆ ಕಳೀಲಿ ಅಂತ. ಆಮೇಲೆ ಹೇಳ್ತಾನೆ ಬಿಡು ಅಂದ್ಕೊಂಡೆ." ನಗು ನಿಂತಿತು. "ಆಮೇಲೆ ನೀನು ಕುಣಿದು ಕುಣಿದು ಕಥೆ ಹೇಳಾಕೆ ಶುರುಮಾಡ್ದೆ."

"ತಪ್ಪಾಯ್ತಕ್ಕಾ" ಎನ್ನಲು ಬಾಯಿ ತೆರೆದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

"ಇಲ್ಲಿ ಬೇಡ. ಈ ಬೆಂಚಿನ ಹತ್ರ ನಂಗೆ ಮಾನ ಹೋಗಿಲ್ಲ. ಯಾರ ಮುಂದೆ ಹೋಗೈತೋ ಅವರ ಮುಂದೆ ಹೇಳು, ನಂಗೆ ಮಾರ್ಕೆಟ್ಟು ವಾಪಸ್ ಬರ್ತೈತೆ. ಕಿವೀಲಿ ಹೇಳಿದ್ರೆ ಏನ್ ಬರ್ತೈತೆ, ಮಣ್ಣು?"

ಬಸ್ಸಿನಲ್ಲಿ ಅವಳು ನನ್ನ ಮಣಿಕಟ್ಟು ಬಿಡಲಿಲ್ಲ. ಮುಳಬಾಗಿಲಿನಲ್ಲಿ ಸರಿಯಾಗಿ ಇಳಿಸಿದಳು. ಊರು ತಲುಪಿದಾಗ ಸಂಜೆಯ ಬೆಳಕು ಇನ್ನೂ ಇತ್ತು, ನನ್ನ ಪಾಪೆ ಇನ್ನೂ ಬಿಟ್ಟುಕೊಂಡೇ ಇತ್ತು. ಜಗಲಿಯ ಮೇಲೆ ಮಾವ, ಪಕ್ಕದ ಮನೆಯವರು, ತೌರಿನಿಂದ ಬಂದಿಳಿದ ನನ್ನ ಹೆಂಡತಿ. ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ, ಅದೇ ಅನುಕೂಲವಾಯಿತು.

"ಏನಮ್ಮಾ, ಈ ಸಲ ನಂಗಲಿ ಕಡೆ ಹೋಗ್ಲಿಲ್ವಾ?" ಎಂದರು ಮಾವ. ಎಲ್ಲರೂ ನಗಲು ತಯಾರಾದರು. ಅಕ್ಕ ನನ್ನ ಮಣಿಕಟ್ಟು ಬಿಟ್ಟಳು.

ನಾನು ಮುಂದೆ ಬಂದು ನಿಂತೆ. ಕಥೆ ಹೇಳುತ್ತೇನೆಂದು ಯಾರೋ ಜಾಗ ಬಿಟ್ಟರು.

"ಮಾವ, ಅವತ್ತು ಅಕ್ಕ ಎದ್ದು ಹೋಗ್ಲಿಲ್ಲ. ನನಗೋಸ್ಕರ ಕಾದು ಕಾದು ಸಾಕಾಗಿ ಹೋದ್ಳು. ನಾನು ಔಷಧಿ ತರಾಕೆ ಹೋಗಿರ್ಲಿಲ್ಲ, ಎದುರುಗಡೆ ಸಲೂನಲ್ಲಿ ಮುಖಕ್ಕೆ ಫೇಶಿಯಲ್ ಮಾಡಿಸ್ಕೊಳ್ತಾ ನಿದ್ದೆ ಮಾಡ್ತಿದ್ದೆ. ಗುಳ್ಳೆ ಬಂದಿದ್ದು ಅದ್ರಿಂದ, ಬಿಸಿಲಿಂದ ಅಲ್ಲ." ಹೆಂಡತಿ ಕೂತಿದ್ದ ಕಡೆಯಿಂದ ಬಳೆಯ ಸದ್ದು ಬಂತು. ಯಾರೂ ನಗಲಿಲ್ಲ. ಅಕ್ಕ ಎಲ್ಲಿದ್ದಾಳೆಂದು ತಿರುಗಿ ಹುಡುಕಿದೆ. ಕಂಬದ ಹತ್ತಿರದ ಹಸಿರು ಸೀರೆ ಅವಳದೇ ಇರಬೇಕು. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ:

"ಅಕ್ಕಾ, ನೀನು ಯಾವತ್ತೂ ದಾರಿ ತಪ್ಪಿದೋಳಲ್ಲ. ನಿನ್ನ ಒಬ್ಳನ್ನೇ ಬಿಟ್ಟು ಹೋಗಿದ್ದು ನಾನು, ಸುಳ್ಳು ಹೇಳಿದ್ದು ನಾನು, ನಿನ್ನ ಮಾರ್ಕೆಟ್ಟು ಕಿತ್ಕೊಂಡಿದ್ದೂ ನಾನು. ತಪ್ಪಾಯ್ತಕ್ಕಾ, ಕ್ಷಮಿಸು."